ಚಾವಣಿ ಹೋದ ಸ್ಮಾರಕ: ಬಲ್ಗೇರಿಯಾದ ಬುಜ್ಲುಜಾ ಪ್ರಕರಣ

ಬಲ್ಗೇರಿಯಾ ದೇಶದ ನಡುಭಾಗದಲ್ಲಿ, ಬಾಲ್ಕನ್ ಬೆಟ್ಟಸಾಲಿನ ನೆತ್ತಿಯಲ್ಲಿ, ಒಂದು ದೊಡ್ಡ ಕಾಂಕ್ರೀಟ್ ಕಟ್ಟಡ ಇದೆ. ಸಮುದ್ರಮಟ್ಟದಿಂದ 1,432 ಮೀಟರ್ ಎತ್ತರ. ಮುಖ್ಯ ಭಾಗ ದುಂಡಗೆ, ಚಪ್ಪಟೆಯಾಗಿದೆ. ಸುಮಾರು 60 ಮೀಟರ್ ಅಗಲ. ಅದಕ್ಕೆ ಅಂಟಿಕೊಂಡಂತೆ 70 ಮೀಟರ್ ಎತ್ತರದ ಗೋಪುರ. ಹಾರುವ ತಟ್ಟೆ ಎಂಬ ಹೆಸರಿನಲ್ಲಿ ಇದರ ಫೋಟೊ ಇಂಟರ್‌ನೆಟ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ನೀವೂ ನೋಡಿರಬಹುದು.

ಇದು ಬಲ್ಗೇರಿಯಾ ಕಮ್ಯುನಿಸ್ಟ್ ಪಕ್ಷದ ಸ್ಮಾರಕ ಭವನ. ನಿಂತಿರುವುದು ಬುಜ್ಲುಜಾ ಶಿಖರದ ಮೇಲೆ, ಹಾಗಾಗಿ ಎಲ್ಲರೂ ಕರೆಯುವುದು ಬುಜ್ಲುಜಾ ಎಂದೇ. ಕಟ್ಟಲು ಏಳು ವರ್ಷ ಹಿಡಿಯಿತು. ಬಳಸಿದ್ದು ಎಂಟು ವರ್ಷ. ಆಮೇಲೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಮಳೆ, ಹಿಮ, ಕಳ್ಳರು, ಕುತೂಹಲಿಗರು ಇಷ್ಟೇ ಅದರ ಪಾಲಿಗೆ.

ಇಷ್ಟು ಗಟ್ಟಿಯಾಗಿ ಕಟ್ಟಿದ್ದು ಇಷ್ಟು ಬೇಗ ಹೇಗೆ ಹಾಳಾಯಿತು? ಕೈಬಿಟ್ಟು ಹೋಗುವ ಮುಂಚೆ ಅದನ್ನು ಹಿಡಿದುಕೊಂಡವರು ಏನು ಮಾಡಿದರು? ರಾಜಕೀಯ ಬದಲಾಯಿತು, ಸ್ಮಾರಕ ಬಿತ್ತು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವವರು ಜಾಸ್ತಿ. ನನಗೆ ಆ ಉತ್ತರ ಸಾಲದು. ಅದೇ ರಾಜಕೀಯ ಬದಲಾವಣೆ ನೋಡಿದ ಎಷ್ಟೋ ಕಟ್ಟಡಗಳು ಆ ದೇಶದಲ್ಲಿ ಇವತ್ತಿಗೂ ಚೆನ್ನಾಗಿವೆ. ಬುಜ್ಲುಜಾಗೆ ಯಜಮಾನ ಯಾರು ಎಂಬುದೇ ಗೊತ್ತಾಗದೆ ಹೋಯಿತು. ಅದರ ಅವಸ್ಥೆ ಶುರುವಾದದ್ದು ಅಲ್ಲಿಂದ ಎಂಬುದು ನನ್ನ ಅಭಿಪ್ರಾಯ.

ಆ ಬೆಟ್ಟವೇ ಯಾಕೆ

ಬುಜ್ಲುಜಾ ಬೆಟ್ಟಕ್ಕೆ ಪಕ್ಷಕ್ಕಿಂತ ಹಳೆಯ ನೆನಪುಗಳಿವೆ. 1868ರಲ್ಲಿ ಹಾಜಿ ದಿಮಿತರ್ ಎಂಬ ಬಂಡಾಯ ನಾಯಕ ಆಗ ಬಲ್ಗೇರಿಯಾವನ್ನು ಆಳುತ್ತಿದ್ದ ಅಟೋಮನ್ ತುರ್ಕರ ಪಡೆಗಳ ಜೊತೆ ಇಲ್ಲಿ ಕೊನೆಯ ಕಾಳಗ ಮಾಡಿದ. ಬಲ್ಗೇರಿಯಾದ ಶಾಲೆ ಮಕ್ಕಳಿಗೂ ಗೊತ್ತಿರುವ ಹೆಸರು ಅದು. 1891ರ ಬೇಸಿಗೆಯಲ್ಲಿ ದಿಮಿತರ್ ಬ್ಲಾಗೊಯೆವ್ ಮತ್ತು ಸಂಗಡಿಗರು ಇಲ್ಲಿ ಗುಟ್ಟಾಗಿ ಸೇರಿ ಸಮಾಜವಾದಿ ಪಕ್ಷ ಕಟ್ಟಿದರು. ಮುಂದೆ ಕಮ್ಯುನಿಸ್ಟ್ ಪಕ್ಷ ತನ್ನ ಹುಟ್ಟನ್ನು ಎಣಿಸಿಕೊಂಡದ್ದು ಅಲ್ಲಿಂದ. 1944ರಲ್ಲಿ ಫ್ಯಾಸಿಸ್ಟ್ ವಿರೋಧಿ ಗೆರಿಲ್ಲಾಗಳೂ ಇದೇ ಬೆಟ್ಟದಲ್ಲಿ ಹೋರಾಡಿದರು. ಹತ್ತಿರದಲ್ಲೇ ಶಿಪ್ಕಾ ಕಣಿವೆದಾರಿ. ದೇಶಕ್ಕೆ ಬಿಡುಗಡೆ ತಂದ 1877-78ರ ರಷ್ಯಾ-ತುರ್ಕಿ ಯುದ್ಧದ ದೊಡ್ಡ ಕದನ ನಡೆದ ಜಾಗ ಅದು.

ದೇಶದ ಬಿಡುಗಡೆಯ ಕಥೆ ಮತ್ತು ಪಕ್ಷದ ಕಥೆ, ಎರಡನ್ನೂ ಒಂದೇ ದಾರಕ್ಕೆ ಪೋಣಿಸಲು ಇದಕ್ಕಿಂತ ಒಳ್ಳೆಯ ಜಾಗ ಪಕ್ಷಕ್ಕೆ ಸಿಗುತ್ತಿರಲಿಲ್ಲ. ಇದನ್ನು ಮರೆಯಬಾರದು. ಮುಂದೆ ಕೆಡವಬೇಕೋ ಬೇಡವೋ ಎಂಬ ಜಗಳ ಎದ್ದಾಗ, ಬೆಟ್ಟವನ್ನು ಪ್ರೀತಿಸುವವರೂ ಪಕ್ಷವನ್ನು ದ್ವೇಷಿಸುವವರೂ ಬೇರೆ ಬೇರೆ ಜನ ಆಗಿರಲಿಲ್ಲ. ಎಷ್ಟೋ ಸಲ ಒಬ್ಬರೇ ಆಗಿದ್ದರು.

ಕಟ್ಟಿದ ಬಗೆ

ವಿನ್ಯಾಸ ಗೆಯೋರ್ಗಿ ಸ್ಟೊಯಿಲೋವ್ ಅವರದು. 1967ರಿಂದ 1971ರವರೆಗೆ ರಾಜಧಾನಿ ಸೋಫಿಯಾದ ಮೇಯರ್ ಆಗಿದ್ದ ವಾಸ್ತುಶಿಲ್ಪಿ. ದುಂಡು ಭಾಗ ಹುತಾತ್ಮರಿಗೆ ಇಡುವ ಹೂವಿನ ಮಾಲೆ, ಗೋಪುರ ಹಾರಾಡುವ ಬಾವುಟ, ಇದು ಅವರ ಕಲ್ಪನೆ. ರೋಮ್‌ನ ಪ್ಯಾಂಥಿಯನ್ ಗುಮ್ಮಟ ತಮ್ಮ ಮನಸ್ಸಿನಲ್ಲಿತ್ತು ಎಂದು ಅವರು ಹೇಳಿಕೊಂಡಿದ್ದಾರೆ. 1950ರ ದಶಕದ ವೈಜ್ಞಾನಿಕ ಕಲ್ಪನೆಯ ಸಿನಿಮಾಗಳ ಪ್ರಭಾವವನ್ನೂ ಒಪ್ಪಿಕೊಂಡಿದ್ದರು. ಹಾರುವ ತಟ್ಟೆ ಎನ್ನುವವರು ಪೂರ್ತಿ ತಪ್ಪೇನಲ್ಲ.

ಕೆಲಸ ಶುರುವಾದದ್ದು 1974ರ ಜನವರಿ 23ರಂದು. ಮೊದಲ ಕೆಲಸವೇ ಬೆಟ್ಟದ ತುದಿ ಕತ್ತರಿಸುವುದು. ಡೈನಮೈಟ್ ಇಟ್ಟು ಶಿಖರವನ್ನು ಸುಮಾರು 9 ಮೀಟರ್ ಇಳಿಸಿದರು. ಮೊದಲು 1,441 ಮೀಟರ್ ಇದ್ದದ್ದು 1,432 ಆಯಿತು. 15,000 ಘನ ಮೀಟರ್‌ಗೂ ಜಾಸ್ತಿ ಬಂಡೆ ತೆಗೆದರು. ಆ ಸಮತಟ್ಟಿನ ಮೇಲೆ ಸುಮಾರು 70,000 ಟನ್ ಕಾಂಕ್ರೀಟ್, 3,000 ಟನ್ ಉಕ್ಕು ಬಂದು ಕೂತಿತು. ಸೇನೆಯ ನಿರ್ಮಾಣ ದಳಗಳು, ಕಾರ್ಮಿಕರು, ಸ್ವಯಂಸೇವಕರು ಎಲ್ಲ ಸೇರಿ 6,000ಕ್ಕೂ ಹೆಚ್ಚು ಜನ ದುಡಿದರು. ಚಳಿಗಾಲದಲ್ಲಿ ಅಲ್ಲಿ ಗಾಳಿ ನಿಲ್ಲುವುದಿಲ್ಲ, ಮಂಜು ಕವಿದರೆ ದಿನಗಟ್ಟಲೆ ಬಿಡುವುದಿಲ್ಲ. ಕೆಲಸ ಓಡುತ್ತಿದ್ದುದು ವರ್ಷದ ಬೆಚ್ಚಗಿನ ಕೆಲವು ತಿಂಗಳು ಮಾತ್ರ.

ದುಡ್ಡಿನ ವಿಷಯ ಸ್ವಲ್ಪ ನಿಂತು ನೋಡಬೇಕು. ಖರ್ಚು 1 ಕೋಟಿ 41 ಲಕ್ಷ 86 ಸಾವಿರ ಲೆವ (ಬಲ್ಗೇರಿಯಾದ ಆಗಿನ ಹಣ). ಇದು ಬಂದದ್ದು ಜನರ ವಂತಿಗೆಯಿಂದ. ಸಂಗ್ರಹವಾದದ್ದು ಸುಮಾರು 1 ಕೋಟಿ 60 ಲಕ್ಷ. ಅದನ್ನು ದೇಣಿಗೆ ಎಂದು ಕರೆದರು. ಆದರೆ ಪಕ್ಷವೇ ಸರ್ಕಾರ ಆಗಿರುವ ದೇಶದಲ್ಲಿ, ಫ್ಯಾಕ್ಟರಿಯಲ್ಲಿ ವಂತಿಗೆ ಪಟ್ಟಿ ಕೈಯಿಂದ ಕೈಗೆ ಬಂದಾಗ ಬೇಡ ಎನ್ನುವುದು ಎಷ್ಟು ಜನರಿಗೆ ಸಾಧ್ಯ? ಅದು ಪ್ರೀತಿಯಿಂದ ಕೊಟ್ಟದ್ದೋ ಭಯದಿಂದ ಕೊಟ್ಟದ್ದೋ ಎಂದು ಇವತ್ತು ಬಿಡಿಸಿ ನೋಡಲು ಆಗುವುದಿಲ್ಲ. ಎರಡೂ ಇತ್ತು. ಒಂದು ಮಾತ್ರ ನಿಜ: ಕಟ್ಟಡದ ಮೇಲೆ ಪಕ್ಷದ ಹೆಸರು ಇದ್ದರೂ ಜೇಬು ಜನರದ್ದು. ಮುಂದೆ ಸಂರಕ್ಷಣೆ ಬೇಕು ಎಂದವರ ಕೈಯಲ್ಲಿದ್ದ ಗಟ್ಟಿ ವಾದಗಳಲ್ಲಿ ಇದೂ ಒಂದು.

ಒಳಗಿನ ಗೋಡೆಗಳು

ಹೊರಗಿನ ರೂಪವನ್ನು ಎಲ್ಲರೂ ನೋಡುತ್ತಾರೆ. ನನ್ನ ಮಟ್ಟಿಗೆ ಬುಜ್ಲುಜಾದ ನಿಜವಾದ ಆಸ್ತಿ ಒಳಗಿದೆ. ಅದು ಮೊಸಾಯಿಕ್, ಅಂದರೆ ಸಣ್ಣ ಚೂರುಗಳನ್ನು ಗೋಡೆಗೆ ಜೋಡಿಸಿ ಮಾಡಿದ ಚಿತ್ರ.

ಒಟ್ಟು 937 ಚದರ ಮೀಟರ್. ಸುಮಾರು 60 ಕಲಾವಿದರ ಕೆಲಸ. ಯೋವಾನ್ ಲೆವಿಯೆವ್, ಹ್ರಿಸ್ತೊ ಸ್ತೆಫಾನೋವ್ ಅವರಂಥ ಆ ಕಾಲದ ಹೆಸರಾಂತ ಚಿತ್ರಕಾರರು ಅದರಲ್ಲಿದ್ದರು. ಎರಡು ಸುತ್ತು, ಎರಡು ಬಗೆ. ಒಳಗಿನ ದೊಡ್ಡ ಸಭಾಂಗಣದ ಗೋಡೆಗೆ ಬಣ್ಣದ ಗಾಜಿನ ಚೂರು, ಸುಮಾರು 35 ಟನ್. ಬೆಳಕು ಬಿದ್ದರೆ ಕೆಂಪು, ನೀಲಿ, ಬಂಗಾರದ ಬಣ್ಣ ಹೊಳೆಯುತ್ತದೆ. ಸಭಾಂಗಣದ ಹೊರಗೆ ಸುತ್ತುವ ಓಣಿಯ ಗೋಡೆಗೆ ನದಿಗಳಿಂದ ಆರಿಸಿ ತಂದ ಕಲ್ಲುಗಳು. ಅಲ್ಲಿ ಬಣ್ಣ ಮಂಕು, ಮಣ್ಣಿನ ಛಾಯೆ. ಒಳಗೆ ಪಕ್ಷದ ಇತಿಹಾಸ, ಹೋರಾಟ, ಗೆಲುವು. ಹೊರ ಓಣಿಯಲ್ಲಿ ದುಡಿಮೆ, ಪ್ರಕೃತಿ, ದಿನದಿನದ ಬದುಕು. ಓಣಿಯ ಒಂದು ಪಕ್ಕ ಉದ್ದಕ್ಕೂ ಕಿಟಕಿಗಳು, ಅದರಾಚೆ ಬೆಟ್ಟಗಳು. ನಡೆದು ಹೋಗುವವರಿಗೆ ಒಂದು ಕಡೆ ಕಲ್ಲಿನ ಚಿತ್ರ, ಇನ್ನೊಂದು ಕಡೆ ಅದೇ ಕಲ್ಲಿನ ನಾಡು. ಯಾವ ಸಿದ್ಧಾಂತದವರಾದರೂ ಸರಿ, ಇದನ್ನು ಯೋಚಿಸಿದವರ ಕಣ್ಣು ದೊಡ್ಡದು.

ಸಭಾಂಗಣದ ನೆತ್ತಿಯಲ್ಲಿ ಸುತ್ತಿಗೆ ಮತ್ತು ಕುಡುಗೋಲು. ಅದರ ಸುತ್ತ, ಎಲ್ಲ ದೇಶಗಳ ಕಾರ್ಮಿಕರೇ ಒಂದಾಗಿ ಎಂಬ ಘೋಷಣೆ. ಗೋಡೆಯ ಒಂದು ಕಡೆ ಮಾರ್ಕ್ಸ್, ಎಂಗೆಲ್ಸ್, ಲೆನಿನ್. ಇನ್ನೊಂದು ಕಡೆ ಬ್ಲಾಗೊಯೆವ್, ದೇಶದ ಮೊದಲ ಕಮ್ಯುನಿಸ್ಟ್ ನಾಯಕ ಗೆಯೋರ್ಗಿ ದಿಮಿತ್ರೋವ್ ಮತ್ತು ಆಗ ಅಧಿಕಾರದಲ್ಲಿದ್ದ ಪಕ್ಷದ ನಾಯಕ ತೊದೋರ್ ಝಿವ್ಕೋವ್. ಬದುಕಿರುವಾಗಲೇ ಗೋಡೆ ಹತ್ತಿದ ಆ ಮೂರನೆಯ ಮುಖದ ಕಥೆಗೆ ಆಮೇಲೆ ಬರುತ್ತೇನೆ.

ಗೋಪುರದ ಎರಡು ಪಕ್ಕಕ್ಕೂ ಕೆಂಪು ಗಾಜಿನ ದೊಡ್ಡ ನಕ್ಷತ್ರ. ರಾತ್ರಿ ಒಳಗಿನಿಂದ ದೀಪ ಹಚ್ಚುತ್ತಿದ್ದರು. ಮಾಸ್ಕೋದ ಕ್ರೆಮ್ಲಿನ್ ನಕ್ಷತ್ರಗಳಿಗಿಂತ ಹಲವು ಪಟ್ಟು ದೊಡ್ಡವು.

1981

ಉದ್ಘಾಟನೆ 1981ರ ಆಗಸ್ಟ್ 23ಕ್ಕೆ. ಆ ವರ್ಷ ಸುಮ್ನೆ ಆರಿಸಿದ್ದಲ್ಲ. ಕ್ರಿ.ಶ. 681ರಲ್ಲಿ ಬಲ್ಗೇರಿಯಾ ರಾಜ್ಯ ಹುಟ್ಟಿತು ಎಂಬ ಲೆಕ್ಕದಲ್ಲಿ ಅದು 1300ನೇ ವರ್ಷ. ಪಕ್ಷ ಹುಟ್ಟಿ 90 ವರ್ಷ. ದೇಶದ ತುಂಬ ಕಟ್ಟಿದ್ದೇ ಕಟ್ಟಿದ್ದು. ಸೋಫಿಯಾದಲ್ಲಿ ರಾಷ್ಟ್ರೀಯ ಸಂಸ್ಕೃತಿ ಭವನ, ಶುಮೆನ್ ಊರಿನ ಮೇಲಿನ ಗುಡ್ಡದಲ್ಲಿ ರಾಜ್ಯ ಕಟ್ಟಿದವರ ಬೃಹತ್ ಸ್ಮಾರಕ, ಎಲ್ಲವೂ ಅದೇ ವರ್ಷದವು.

ಈ ಹಬ್ಬದ ಹಿಂದಿದ್ದ ದೊಡ್ಡ ಶಕ್ತಿ ಝಿವ್ಕೋವ್ ಮಗಳು ಲ್ಯುದ್ಮಿಲಾ ಝಿವ್ಕೋವಾ. ದೇಶದ ಸಂಸ್ಕೃತಿ ಇಲಾಖೆ ಆಕೆಯ ಕೈಯಲ್ಲಿತ್ತು. ಕಮ್ಯುನಿಸ್ಟ್ ನಾಯಕನ ಮಗಳಾಗಿದ್ದರೂ ಆಕೆಗೆ ಭಾರತದ ಅಧ್ಯಾತ್ಮ, ಯೋಗದ ಕಡೆ ಒಲವು. ಚಿತ್ರಕಾರ ನಿಕೊಲಸ್ ರೋರಿಕ್ ಎಂದರೆ ಭಕ್ತಿ. ಅವರ ಮಗ ಸ್ವೆತೊಸ್ಲಾವ್ ರೋರಿಕ್ ಜೊತೆ ಸ್ನೇಹ. ಹೌದು, ನಮ್ಮ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದೇವಿಕಾ ರಾಣಿ ಜೊತೆ ಇದ್ದ ಅದೇ ರೋರಿಕ್. 1978ರಲ್ಲಿ ಬಲ್ಗೇರಿಯಾ ಅವರನ್ನು ಕರೆಸಿಕೊಂಡು ತಂದೆ-ಮಗನ ಚಿತ್ರಗಳ ಪ್ರದರ್ಶನ ಮಾಡಿತ್ತು. ಆ ಎಸ್ಟೇಟಿನ ಒಡೆತನದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥ ಆಗಲು 2011ರವರೆಗೆ ಕಾಯಬೇಕಾಯಿತು ಎಂಬುದು ನಮಗೆ ಗೊತ್ತಿರುವ ಸಂಗತಿ. ಲ್ಯುದ್ಮಿಲಾ ಬುಜ್ಲುಜಾ ಉದ್ಘಾಟನೆ ನೋಡಲಿಲ್ಲ. ಅದಕ್ಕೆ ಒಂದು ತಿಂಗಳು ಮೊದಲು, 38ನೇ ವಯಸ್ಸಿಗೆ ತೀರಿಕೊಂಡರು.

ಉದ್ಘಾಟನೆಯ ದಿನ ಝಿವ್ಕೋವ್ ಮಾಡಿದ ಭಾಷಣದಲ್ಲಿ, ಇಲ್ಲಿಗೆ ಬರುವ ದಾರಿಗಳು ಎಂದೂ ಪಾಳು ಬೀಳದಿರಲಿ ಎಂಬ ಹಾರೈಕೆ ಇತ್ತು. ಮುಂದಿನ ಎಂಟು ವರ್ಷ ಬಸ್ಸುಗಟ್ಟಲೆ ಜನ ಬಂದರು. ಶಾಲೆ ಮಕ್ಕಳು, ಕಾರ್ಮಿಕರು, ವಿದೇಶಿ ಅತಿಥಿಗಳು.

ಹಾಳಾದ ಕ್ರಮ

1989ರ ನವೆಂಬರ್ 10ರಂದು ಝಿವ್ಕೋವ್ ಅಧಿಕಾರ ಹೋಯಿತು. ಬರ್ಲಿನ್ ಗೋಡೆ ತೆರೆದ ಮಾರನೆಯ ದಿನ ಅದು. ಸ್ವಲ್ಪ ಸಮಯದಲ್ಲೇ ಪಕ್ಷದ ಆಸ್ತಿ ಸರ್ಕಾರಕ್ಕೆ ಸೇರಬೇಕು ಎಂಬ ಕಾನೂನು ಬಂತು. ಕಾಗದದ ಮೇಲೆ ಇದು ಸರಿ. ಆದರೆ ಬುಜ್ಲುಜಾ ಮಟ್ಟಿಗೆ ಏನಾಯಿತು? ಪಕ್ಷ ಕೈತೊಳೆದುಕೊಂಡಿತು. ಸರ್ಕಾರ ಕೈಗೆ ತೆಗೆದುಕೊಂಡಿತು, ಆದರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅದು ಆಫೀಸು ಆಗುವಂಥ ಕಟ್ಟಡ ಅಲ್ಲ, ಆಸ್ಪತ್ರೆ ಆಗುವಂಥದ್ದಲ್ಲ. ಊರಿನಿಂದ ದೂರ, ಬೆಟ್ಟದ ತುದಿ. ಬಿಸಿ ಮಾಡುವುದಕ್ಕೆ, ದೀಪಕ್ಕೆ, ರಸ್ತೆಯ ಹಿಮ ತೆಗೆಯುವುದಕ್ಕೆ ಖರ್ಚೋ ಖರ್ಚು. ಅದೂ ಬಲ್ಗೇರಿಯಾದ ಆರ್ಥಿಕತೆ ಕುಸಿದು ಜನ ಬ್ರೆಡ್ಡಿಗೆ ಪರದಾಡುತ್ತಿದ್ದ ಕಾಲ. ಕಾವಲುಗಾರರನ್ನು ವಾಪಸ್ ಕರೆಸಿಕೊಂಡರು.

ಅಲ್ಲಿಂದ ಮುಂದಿನದು ಒಂದರ ಹಿಂದೆ ಒಂದು ಬಂತು. ಹೊತ್ತೊಯ್ಯಬಹುದಾದ್ದು ಮೊದಲು ಹೋಯಿತು. ದೀಪ, ಕುರ್ಚಿ, ಅಮೃತಶಿಲೆ, ವಿದ್ಯುತ್ ತಂತಿ. ಆಮೇಲೆ ಚಾವಣಿಯ ತಾಮ್ರ. ಗುಮ್ಮಟಕ್ಕೆ ಹೊದಿಸಿದ್ದ ತಾಮ್ರದ ತಗಡಿಗೆ ಗುಜರಿಯಲ್ಲಿ ಒಳ್ಳೆ ಬೆಲೆ ಇತ್ತು. ಗೋಪುರದ ನಕ್ಷತ್ರದಲ್ಲಿ ನಿಜವಾದ ಮಾಣಿಕ್ಯ ಇದೆ ಎಂಬ ಗಾಳಿಮಾತು ಹಬ್ಬಿ, ಅದಕ್ಕೆ ಗುಂಡು ಹೊಡೆದರು. ಗಾಜು ಒಡೆದದ್ದೇ ಬಂತು.

ಇಡೀ ಪ್ರಕರಣದ ತಿರುವು ಆ ತಾಮ್ರ. ಕಾಂಕ್ರೀಟ್ ಮೈ ಗಟ್ಟಿಯಾಗಿಯೇ ಇತ್ತು. ಗಾಳಿಗೂ ಭೂಕಂಪಕ್ಕೂ ಲೆಕ್ಕ ಹಾಕಿ ಕಟ್ಟಿದ್ದು. ಆದರೆ ಗುಮ್ಮಟದ ಮೇಲ್ಭಾಗ ಉಕ್ಕಿನ ಚೌಕಟ್ಟು. ಹೊದಿಕೆ ಹೋದ ಮೇಲೆ ನೀರು ನೇರ ಒಳಗೆ ಇಳಿಯಿತು. ಉಕ್ಕಿಗೆ ತುಕ್ಕು. ಹಿಮ ಸಭಾಂಗಣದ ನೆಲದ ಮೇಲೆ ಬಿದ್ದು ಕೂತಿತು. ಮೊಸಾಯಿಕ್‌ಗೆ ಇದು ಎಷ್ಟು ಕೆಟ್ಟದ್ದು ಎಂದು ಯೋಚಿಸಿ. ಗಾಜಿನ ಚೂರು ಗಾರೆಯ ಪದರದ ಮೇಲೆ ಕೂತಿರುತ್ತದೆ. ಅದರ ಹಿಂದೆ ಗೋಡೆ. ನಡುವಿನ ಸಣ್ಣ ಬಿರುಕಿಗೆ ನೀರು ಹೋಗುತ್ತದೆ. ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ. ಹಗಲು ಕರಗಿ ಇನ್ನಷ್ಟು ಒಳಗೆ ಇಳಿಯುತ್ತದೆ. ಮತ್ತೆ ರಾತ್ರಿ ಹೆಪ್ಪು. ಚಳಿಗಾಲದಿಂದ ಚಳಿಗಾಲಕ್ಕೆ ಗಾರೆ ಗೋಡೆಯನ್ನು ಬಿಡುತ್ತಾ ಬರುತ್ತದೆ. ಕೊನೆಗೆ ಇಡೀ ತುಂಡು ಕಳಚಿ ಕೆಳಗೆ. ಹೊರ ಓಣಿಯಲ್ಲಿ ಕಿಟಕಿಗಳೂ ಹೋಗಿದ್ದರಿಂದ ಅಲ್ಲಿನ ಕಲ್ಲಿನ ಚಿತ್ರಗಳಿಗೆ ಇನ್ನೂ ಕೆಟ್ಟ ಗತಿ.

ಯಾರೂ ಆ ಚಿತ್ರಗಳನ್ನು ನಾಶ ಮಾಡಲು ಸಂಚು ಮಾಡಲಿಲ್ಲ. ಗುಜರಿಗೆ ತಗಡು ಮಾರಿದವನಿಗೆ ಮಾರ್ಕ್ಸ್ ಮೇಲೆ ಸಿಟ್ಟು ಇತ್ತೆಂದು ನನಗನ್ನಿಸುವುದಿಲ್ಲ. ಹಸಿವು ಇತ್ತು, ಕಾವಲು ಇರಲಿಲ್ಲ, ಅಷ್ಟೇ.

ಝಿವ್ಕೋವ್ ಮುಖ ಮಾತ್ರ ಬೇರೆ. ಅದನ್ನು ಕೈಯಾರೆ ಕೆತ್ತಿ ತೆಗೆದಿದ್ದಾರೆ. ಪಕ್ಕದ ಬ್ಲಾಗೊಯೆವ್ ಮತ್ತು ದಿಮಿತ್ರೋವ್ ಮುಖಗಳನ್ನು ಬಿಟ್ಟು ಅದೊಂದನ್ನೇ.

ಮೂರು ದಾರಿಗಳ ಜಗಳ

ಏನು ಮಾಡಬೇಕು ಎಂಬ ಪ್ರಶ್ನೆಗೆ ಬಲ್ಗೇರಿಯಾದಲ್ಲಿ ಮೂರು ಉತ್ತರ ಇದ್ದವು: ಕೆಡವಿ, ಮೊದಲಿನಂತೆ ಮಾಡಿ, ಬಿದ್ದು ಹೋಗಲಿ ಬಿಡಿ.

ಕೆಡವುವುದಕ್ಕೆ ಮಾದರಿಗಳಿದ್ದವು. ಸೋಫಿಯಾದ ನಡುವೆ ಗೆಯೋರ್ಗಿ ದಿಮಿತ್ರೋವ್ ಸಮಾಧಿ ಭವನ ಇತ್ತು. ಅದನ್ನು 1999ರ ಆಗಸ್ಟಿನಲ್ಲಿ ಸ್ಫೋಟಕ ಇಟ್ಟು ಕೆಡವಿದರು. ಒಂದೇ ಸಲಕ್ಕೆ ಬೀಳಲಿಲ್ಲ, ಮತ್ತೆ ಮತ್ತೆ ಸಿಡಿಸಬೇಕಾಯಿತು. 1300ನೇ ವರ್ಷದ ನೆನಪಿಗೆ ಸಂಸ್ಕೃತಿ ಭವನದ ಮುಂದೆ ನಿಲ್ಲಿಸಿದ್ದ ಶಿಲ್ಪವನ್ನು 2017ರಲ್ಲಿ ತೆಗೆದರು. ಸೋಫಿಯಾದ ಸೋವಿಯತ್ ಸೇನಾ ಸ್ಮಾರಕದ ಮೂರ್ತಿಗಳನ್ನು ಇಳಿಸಿದ್ದು 2023ರ ಡಿಸೆಂಬರಿನಲ್ಲಿ.

ಕೆಡವಿ ಎನ್ನುವವರ ನೋವನ್ನು ಕಡೆಗಣಿಸುವಂತಿಲ್ಲ. ರಾಜಕೀಯ ಕೈದಿಗಳನ್ನು ಇಟ್ಟಿದ್ದ, ಡ್ಯಾನ್ಯೂಬ್ ನದಿಯ ದ್ವೀಪದಲ್ಲಿದ್ದ ಬೆಲೆನೆ ಶಿಬಿರದಲ್ಲಿ ತಮ್ಮವರನ್ನು ಕಳೆದುಕೊಂಡವರಿದ್ದಾರೆ. ಬುಜ್ಲುಜಾದ ದೀಪಗಳು ಉರಿಯುತ್ತಿದ್ದ ವರ್ಷಗಳಲ್ಲೇ, 1984ರ ಕೊನೆಯಿಂದ, ದೇಶದ ತುರ್ಕರ ಹೆಸರುಗಳನ್ನು ಸರ್ಕಾರ ಬಲವಂತವಾಗಿ ಬದಲಿಸಿತು. 1989ರ ಬೇಸಿಗೆಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಮನೆಮಾರು ಬಿಟ್ಟು ಗಡಿ ದಾಟಿ ತುರ್ಕಿಗೆ ಹೋದರು. ಅವರಿಗೆ ಈ ಗುಮ್ಮಟ ಬರೀ ಕಲೆಯಾಗಿ ಕಾಣಬೇಕು ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ಮೊದಲಿನಂತೆ ಮಾಡಿ ಎನ್ನುವವರೂ ಕಡಿಮೆ ಇಲ್ಲ. ಹಳೆಯ ಪಕ್ಷದ ವಾರಸುದಾರರಾದ ಸಮಾಜವಾದಿಗಳು ಪ್ರತಿ ಬೇಸಿಗೆ ಆ ಬೆಟ್ಟದಲ್ಲಿ ಈಗಲೂ ಸೇರುತ್ತಾರೆ. ಆದರೆ ಅಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಹಾಗಾಗಿ ಗೆದ್ದದ್ದು ಮೂರನೆಯ ದಾರಿ. ಬಾಗಿಲಿಗೆ ಬೀಗ ಹಾಕಿದರು. ಜನ ಗೋಡೆಯ ಕಂಡಿಯಲ್ಲಿ ತೂರಿ ಒಳಗೆ ಹೋದರು. ಪ್ರವೇಶದ ಮೇಲೆ ಯಾರೋ ಕೆಂಪು ಬಣ್ಣದಲ್ಲಿ, ನಿನ್ನ ಹಿಂದಿನದನ್ನು ಮರೆತುಬಿಡು ಎಂದು ದೊಡ್ಡದಾಗಿ ಬರೆದರು. ಆಮೇಲೆ ಅದೇ ಸಾಲು, ಎಂದೂ ಮರೆಯಬೇಡ ಎಂದು ಬದಲಾಯಿತು.

ನಾಲ್ಕನೆಯ ದಾರಿ

ದೋರಾ ಇವಾನೋವಾ ಎಂಬ ಬಲ್ಗೇರಿಯಾದ ಯುವ ವಾಸ್ತುಶಿಲ್ಪಿ ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದುವಾಗ ಬುಜ್ಲುಜಾವನ್ನೇ ಪದವಿಯ ಯೋಜನೆಯಾಗಿ ಎತ್ತಿಕೊಂಡರು. 2015ರಲ್ಲಿ ಅದಕ್ಕೆಂದೇ ಒಂದು ಪ್ರತಿಷ್ಠಾನ ಶುರು ಮಾಡಿದರು. ಕಮ್ಯುನಿಸ್ಟ್ ಆಡಳಿತ ಮುಗಿದ ಮೇಲೆ ಬೆಳೆದ ತಲೆಮಾರು ಅವರದು. ಪಕ್ಷದ ಪರವಾಗಿಯೂ ವಿರೋಧವಾಗಿಯೂ ಅವರು ಮಾತಾಡಲಿಲ್ಲ. ಹೇಳಿದ್ದು ಇಷ್ಟು: ಉಳಿಸುವುದು ಎಂದರೆ ಹೊಗಳುವುದಲ್ಲ, ಇದ್ದ ಸ್ಥಿತಿಯಲ್ಲೇ ನಿಲ್ಲಿಸಿ, ಒಳಗೆ ಬರಲು ಬಿಡಿ, ಇತಿಹಾಸವನ್ನು ಅಲ್ಲೇ ಚರ್ಚೆ ಮಾಡೋಣ.

ಕೇಳಲು ಸುಲಭ, ಅಲ್ವಾ? ಮಾಡುವುದಕ್ಕೆ ಮೊದಲು ಯಜಮಾನ ಬೇಕು. ಅನುಮತಿ ಯಾರು ಕೊಡಬೇಕು, ಬೀಗದ ಕೈ ಯಾರ ಹತ್ತಿರ, ಒಳಗೆ ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರು? ಸುತ್ತಿ ಬಳಸಿ ಮಾತು ಬುಜ್ಲುಜಾ ಇರುವ ಸ್ತಾರಾ ಝಗೋರಾ ಪ್ರಾಂತ್ಯದ ಗವರ್ನರ್ ಕಚೇರಿಗೆ ಬಂದು ನಿಂತಿತು. ಒಳಗಿನವರು ವರ್ಷಗಟ್ಟಲೆ ತೀರ್ಮಾನ ಮಾಡದೆ ಇದ್ದಾಗ ಹೊರಗಿನವರ ಕಣ್ಣು ಕೆಲಸ ಮಾಡಿತು. 2018ರಲ್ಲಿ ಯೂರೋಪಾ ನಾಸ್ತ್ರಾ ಸಂಸ್ಥೆ ಯುರೋಪಿನ ಅತಿ ಹೆಚ್ಚು ಅಪಾಯದಲ್ಲಿರುವ 7 ಪಾರಂಪರಿಕ ತಾಣಗಳ ಪಟ್ಟಿಯಲ್ಲಿ ಬುಜ್ಲುಜಾವನ್ನು ಸೇರಿಸಿತು. ಅದೇ ವರ್ಷ ಅಲ್ಲಿ ಮತ್ತೆ ಕಾವಲು ಬಂತು. 2019ರಲ್ಲಿ ಅಮೆರಿಕದ ಗೆಟ್ಟಿ ಫೌಂಡೇಶನ್ 1 ಲಕ್ಷ 85 ಸಾವಿರ ಡಾಲರ್ ಕೊಟ್ಟಿತು. ದುರಸ್ತಿಗೆ ಅಲ್ಲ, ಸಂರಕ್ಷಣೆಯ ಯೋಜನೆ ತಯಾರಿಸಲು. ಮಾರನೇ ವರ್ಷ ಮೊಸಾಯಿಕ್‌ಗೆಂದು ಇನ್ನೂ 60 ಸಾವಿರ. 2021ರಲ್ಲಿ ಸರ್ಕಾರವೇ ಅದನ್ನು ರಾಷ್ಟ್ರೀಯ ಮಹತ್ವದ ಸ್ಮಾರಕ ಎಂದು ಘೋಷಿಸಿತು.

ಈ ಕ್ರಮ ನನಗೆ ತುಂಬ ಮುಖ್ಯ ಅನಿಸುತ್ತದೆ. ಹೆಸರು, ಕಾವಲು, ಅಧ್ಯಯನ, ಕಾನೂನು. ಬಣ್ಣ ಬಳಿಯುವುದು ಎಲ್ಲೂ ಇಲ್ಲ. ಉತ್ಸಾಹದಲ್ಲಿ ದುಡ್ಡು ಸಂಗ್ರಹಿಸಿ ಮೊದಲೇ ಚಾವಣಿ ಹೊದಿಸಿದ್ದರೆ, ಕಾವಲಿಲ್ಲದ ಆ ಚಾವಣಿ ಇನ್ನೊಂದು ಸಲ ಗುಜರಿ ಸೇರುತ್ತಿತ್ತು.

ಮೊಸಾಯಿಕ್ ಕೆಲಸವೂ ಇದೇ ತಾಳ್ಮೆಯದು. ಬೇರೆ ಬೇರೆ ದೇಶಗಳ ತಜ್ಞರು, ಸ್ವಯಂಸೇವಕರು ಬೇಸಿಗೆಯಲ್ಲಿ ಅಲ್ಲಿ ಸೇರಿದರು. ಗೋಡೆ ಬಿಡಲು ತಯಾರಾಗಿದ್ದ ಅಂಚುಗಳಿಗೆ ಗಾರೆ ಕಟ್ಟಿ ನಿಲ್ಲಿಸಿದರು. ನೆಲಕ್ಕೆ ಬಿದ್ದ ಚೂರುಗಳನ್ನು ಕಸದಿಂದ ಆರಿಸಿ, ತೊಳೆದು, ಬೇರೆ ಮಾಡಿ ಇಟ್ಟರು. ಹೋದದ್ದನ್ನು ಮತ್ತೆ ಬಿಡಿಸುವ ಯೋಚನೆ ಇದರಲ್ಲಿ ಇರಲಿಲ್ಲ. ಉಳಿದದ್ದು ಇನ್ನೊಂದು ಚಳಿಗಾಲ ತಡೆಯಬೇಕು, ಇಷ್ಟೇ ಗುರಿ.

ಇನ್ನು ಆಗಬೇಕಾದ್ದು

ಝಿವ್ಕೋವ್ ಮುಖವನ್ನು ಮತ್ತೆ ಜೋಡಿಸಬೇಕೇ? ಬೇಡ ಎಂಬುದು ನನ್ನ ಖಚಿತ ನಿಲುವು. ಹಳೆಯ ಫೋಟೊಗಳಿವೆ, ಮಾಡುವುದು ಕಷ್ಟವಲ್ಲ. ಆದರೆ ಕೆತ್ತಿ ತೆಗೆದದ್ದೂ ಆ ಗೋಡೆಯ ಮೇಲೆ ನಡೆದ ಘಟನೆಯೇ. ಮೊದಲ ಚಿತ್ರ 1981ರ ಸಾಕ್ಷಿ, ಆ ಖಾಲಿ ಜಾಗ ಆಮೇಲಿನ ಸಾಕ್ಷಿ. ಹೊರಗಿನ ಕೆಂಪು ಬರಹಕ್ಕೂ ಇದೇ ಮಾತು. ಅಳಿಸಿದರೆ ಮೂವತ್ತು ವರ್ಷದ ಇತಿಹಾಸ ಅಳಿಸಿದಂತೆ.

ಇದೇ ನ್ಯಾಯ ಇನ್ನೊಂದು ಕಡೆಗೂ ಅನ್ವಯಿಸಬೇಕು. ನಾಳೆ ಬಾಗಿಲು ತೆರೆದು ಜನರನ್ನು ಒಳಗೆ ಬಿಡುವಾಗ, ಮೊಸಾಯಿಕ್‌ನ ಅಂದ ತೋರಿಸಿ ಕಳಿಸಿದರೆ ಅರ್ಧ ಕೆಲಸ. ಹೊರ ಓಣಿಯಲ್ಲಿ ಚಿತ್ರಗಳು ಪೂರ್ತಿ ಉದುರಿ ಬರಿ ಗೋಡೆ ಉಳಿದ ಭಾಗಗಳಿವೆ. ಬೆಲೆನೆ ಶಿಬಿರದವರ ಮಾತು, ಹೆಸರು ಕಳೆದುಕೊಂಡ ತುರ್ಕರ ಮಾತು, ಕಲ್ಲು ಹೊತ್ತ ಸೈನಿಕರ ಮಾತು, ವಂತಿಗೆ ಕೊಟ್ಟವರ ಮಾತು ಅಲ್ಲಿ ಬರಬೇಕು. ನೊಂದವರ ಕುಟುಂಬಗಳನ್ನು ಕೂರಿಸಿಕೊಂಡೇ ಅದನ್ನು ಬರೆಯಬೇಕು, ಮ್ಯೂಸಿಯಂ ತಜ್ಞರು ಮಾತ್ರ ಕೂತು ಬರೆದರೆ ಸಾಲದು.

ಇದಕ್ಕೆಲ್ಲ ಮುಂಚಿನ ಕೆಲಸ ಚಾವಣಿ. ಯೋಜನೆ ಕೈಯಲ್ಲಿ ಇದ್ದರೂ ಗುಮ್ಮಟ ಸೋರುತ್ತಿರುವವರೆಗೆ ಅಂಚಿಗೆ ಕಟ್ಟಿದ ಗಾರೆ ಎಷ್ಟು ಚಳಿಗಾಲ ತಡೆದೀತು? ಮತ್ತೆ ತಾಮ್ರವನ್ನೇ ಹೊದಿಸಬೇಕೆಂಬ ಹಟ ನನಗಿಲ್ಲ. ಗುಜರಿಯಲ್ಲಿ ಬೆಲೆ ಬಾರದ, ಗಾಳಿ ತಡೆಯುವ ಯಾವ ಹೊದಿಕೆಯಾದರೂ ಸರಿ. ಆ ಖರ್ಚು ಭರಿಸಬೇಕಾದದ್ದು ಸ್ಮಾರಕ ಎಂದು ಘೋಷಿಸಿದ ಬಲ್ಗೇರಿಯಾ ಸರ್ಕಾರ. ಅದರ ಜೊತೆಗೆ ವರ್ಷವರ್ಷದ ಕಾವಲು ಮತ್ತು ರಿಪೇರಿಯ ಸಂಬಳ-ಖರ್ಚಿಗೂ ಬಜೆಟ್‌ನಲ್ಲಿ ಪ್ರತ್ಯೇಕ ಸಾಲು ಇರಬೇಕು, ಮೊದಲ ಸಲ ತಪ್ಪಿದ್ದೇ ಅಲ್ಲಿ.